ಬಟಾಣಿ ಬೇಟೆ

ಶನಿವಾರ ಸಂಜೆ ನಾಲ್ಕೂವರೆ. ಗ್ರಿಮ್ಸ್‌ಬಿಯಲ್ಲಿ
ಸಂತೆ ಟಾರ್ಪಾಲು ಮಡಿಸುವ ಹೊತ್ತು.
ತರಕಾರಿಯ ಮೇವಿಸ್ ನನ್ನ ಕಂಡೊಡನೆ ಹುಬ್ಬು ಹಾರಿಸುತ್ತಾಳೆ:
"ನಿನ್ನ ಹೆಂಗಸರಿಗೆ ಇವತ್ತೇನು, ವಿಲ್ಫ್?"
ಕೋಸಿನ ಹೊರಗಿನೆಲೆ, ಬ್ರೊಕೊಲಿಯ ದಂಟು,
ಒಂದು ಮಗ್ಗುಲು ಜಜ್ಜಿದ ಸೇಬು.
ಅವಳು ಕಸದ ಪೆಟ್ಟಿಗೆಗೆಂದು ಎಸೆದದ್ದನ್ನು
ನಡುವೆಯೇ ಟೋಪಿಯಲ್ಲಿ ಹಿಡಿಯುತ್ತೇನೆ.
ಖರ್ಚು: ಒಂದು ನಗು, ಅದೂ ಅವಳದ್ದೇ.

ಎದುರಿನ ಸಾಕುಪ್ರಾಣಿ ಅಂಗಡಿಯಲ್ಲಿ
ಗುಲಾಬಿ ಬಣ್ಣದ ಮೊಸರಿನ ಗುಳಿಗೆ,
ಪೊಟ್ಟಣಕ್ಕೆ ಮೂರು ಪೌಂಡು ನಲವತ್ತು.
ಮೇಲೆ ಹಲ್ಲು ಕಿರಿದ ಇಲಿಯ ಚಿತ್ರ.
ಕನ್ನಡಕ ಏರಿಸಿ ಬೆನ್ನಿನ ಸಣ್ಣಕ್ಷರ ಓದಿದೆ:
ಸಕ್ಕರೆ, ಎಣ್ಣೆ, ಇನ್ನೊಂದು ಹೆಸರಿನಲ್ಲಿ ಮತ್ತೆ ಸಕ್ಕರೆ,
ಸಾಲಿನ ಕೊನೆಗೆ ನಾಚಿಕೊಂಡು ನಿಂತ ಮೊಸರು.
ಇದ್ದಲ್ಲೇ ಇಟ್ಟು ಬಂದೆ.

ಬೆಟ್ಟ ಅಗೆದವನಲ್ಲ ನಾನು. ಕಡಲು ಅಗೆದವನು.
ಮೂವತ್ತು ವರ್ಷ ಟ್ರಾಲರಿನ ಅಡುಗೆಮನೆಯಲ್ಲಿ
ಓಲಾಡುವ ಹಂಡೆಗೆ ಹಗ್ಗ ಬಿಗಿದು ಸೂಪು ಕುದಿಸಿ
ಕೊನೆಗೆ ಹಿಡಿದದ್ದು ಎರಡು ಇಲಿ.
ಹಡಗಿನಲ್ಲಾಗಿದ್ದರೆ, ಸುಳ್ಳೇಕೆ,
ಹಿಟ್ಟಿನ ಚೀಲದ ಹಿಂದೆ ಬಾಲ ಕಂಡರೆ ಸಾಕು,
ಸೌಟೇ ನನ್ನ ಆಯುಧ.

ಮಗಳ ಹೊಸ ಮನೆಯ ಒಡೆಯ
ಪ್ರಾಣಿ ಕೂಡದು ಅಂದ. ಪಂಜರ ನನ್ನಲ್ಲಿಗೆ ಬಂತು.
ಜೊತೆಗೆ, ಹನ್ನೊಂದರ ಮೊಮ್ಮಗಳು ಕೆಜಾಯಾ
ಹಸಿರು ಶಾಯಿಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದ ಕಾಯಿದೆ:
ಸೇಬಿನ ಬೀಜ ತೆಗೆ, ತಾತ. ಹಸಿ ಹುರುಳಿ ಬೇಡವೇ ಬೇಡ.
ಕಡಲೆಕಾಯಿ ಬೆಣ್ಣೆ ಗಂಟಲಿಗೆ ಅಂಟುತ್ತೆ,
ಸವರಬೇಕು, ಕೊಡಬಾರದು.
ಭಾನುವಾರ ಬೆಂದ ಮೊಟ್ಟೆ, ನಿನ್ನ ಉಗುರಿನಷ್ಟು,
ನಿನ್ನ ಹೆಬ್ಬೆರಳಿನ ಉಗುರಲ್ಲ, ಕಿರುಬೆರಳಿನದ್ದು.
ಆಮೇಲೆ, ಎರಡು ಗೆರೆ ಎಳೆದು:
ಇಲಿಗೆ ವಾಂತಿ ಮಾಡಲು ಬರುವುದಿಲ್ಲ.
ಒಳಗೆ ಹೋದದ್ದು ಹೋದದ್ದೇ.

ಆ ಸಾಲಿನ ಮುಂದೆ ಚಹಾ ಆರುವ ತನಕ ನಿಂತಿದ್ದೆ.
ನನ್ನೊಳಗೂ ಹಾಗೆ ಒಂದೆರಡು ಇವೆ,
ಐಸ್‌ಲ್ಯಾಂಡಿನ ಆಚೆಯ ಒಂದು ರಾತ್ರಿ,
ಹನ್ನೆರಡು ತಟ್ಟೆ ಬಡಿಸಿ
ಒಂದನ್ನು ಮತ್ತೆ ಎತ್ತಿಟ್ಟದ್ದು.
ಇರಲಿ.

ದಂಟು ಕೊಚ್ಚುತ್ತೇನೆ. ಗಂಜಿಯ ಓಟ್ಸು
ಚಿಟಿಕೆ ತೆಗೆದು ಕಾಗದದಲ್ಲಿ ಸುತ್ತುತ್ತೇನೆ,
ಬಿಚ್ಚುವ ಕೆಲಸವೇ ಅವಕ್ಕೆ ಅರ್ಧ ರುಚಿ.
ಅವುಗಳ ಅಂಗೈ ನೋಡಿದ್ದೀರಾ?
ಗುಲಾಬಿ, ನಾಲ್ಕು ಬೆರಳು, ಮಳೆಹನಿಯಷ್ಟು.
ಅಷ್ಟು ಅಂಗೈಗೆ ಮುಷ್ಟಿ ತುಂಬ ಕೊಡುವುದು
ಪ್ರೀತಿಯಲ್ಲ, ಲೆಕ್ಕ ಬಾರದಿರುವುದು.

ರಾತ್ರಿ ಎಂಟಕ್ಕೆ ಬೇಟೆ.
ಕಡುಬಿನ ತಗಡು ತಟ್ಟೆಗೆ ಎರಡು ಬೆರಳು ನೀರು,
ಪೌಂಡಿಗೊಂದು ಚೀಲದ ಹಿಮಗಟ್ಟಿದ ಬಟಾಣಿ, ಹತ್ತೇ ಹತ್ತು.
ಉಳಿದದ್ದು ನನ್ನ ಮೀನಿನ ಪಕ್ಕಕ್ಕೆ.
ಟ್ವೀಡ್ ಅಂಚಿಗೆ ನಿಂತು ಮೀಸೆ ಅಲುಗಿಸಿ ಗಾಳಿ ನೋಡುತ್ತಾಳೆ,
ಭುಜದವರೆಗೂ ಕೈ ಮುಳುಗಿಸಿ
ಜಾರುವುದನ್ನು ಜಾರಲು ಬಿಟ್ಟು, ತಿರುಗಿ ಬಂದಾಗ ಗಬಕ್ಕನೆ.
ನಮ್ಮ ಕಪ್ತಾನನಿಗೆ ಈ ತಾಳ್ಮೆ ಇರಲಿಲ್ಲ.
ಬಾಬಿನ್‌ಗೆ ವಯಸ್ಸಾಗಿದೆ. ಹಿಂಗಾಲು ಎಳೆಯುತ್ತಾಳೆ.
ಅವಳಿಗೆ ಬೇರೆ ತಟ್ಟೆ, ಸಾಸರು,
ಬಟಾಣಿಯ ನೆತ್ತಿ ಹೊರಗೆ ಕಾಣುವಷ್ಟೇ ಆಳ.
ಸುಲಭ ಮಾಡಿದ್ದು ಅವಳಿಗೆ ತಿಳಿಯಬಾರದೆಂದು
ನಾನು ರೇಡಿಯೊ ಕಡೆ ನೋಡುತ್ತೇನೆ.

ಬಂದರಿನಲ್ಲಿ ಮೀನು ಮಾರಿದ ಮೇಲೆ ಪಾಲು ಹಂಚುತ್ತಿದ್ದರು:
ಕಪ್ತಾನನಿಗೆ ಮೊದಲು, ಅಡುಗೆಯವನಿಗೆ ಕೊನೆಗೆ.

ಬಾಬಿನ್ ಒಂದನ್ನು ತಿನ್ನಲಿಲ್ಲ ನಿನ್ನೆ.
ಬಾಯಲ್ಲಿ ಕಚ್ಚಿ, ಎಳೆದೆಳೆದು, ನೆಲಗಂಬಳಿ ದಾಟಿ
ಎಲ್ಲಿಗೋ ಹೋಗಿ ಬರಿಬಾಯಲ್ಲಿ ಬಂದಳು.
ಬೆಳಿಗ್ಗೆ ಚಪ್ಪಲಿಗೆ ಕಾಲು ತೂರಿಸಿದರೆ
ಹೆಬ್ಬೆರಳಿಗೆ ತಣ್ಣಗೆ, ದುಂಡಗೆ, ಏನೋ.